ಸ್ಲಾಟ್ ಬುಕ್ ಆಗಿದ್ದರೂ ಪರವಾಗಿಲ್ಲ

ಪುಟ್ಟೀ,

ನಿಮ್ಮಮ್ಮ ಫೋನು ಮಾಡಿ ಎಲ್ಲ ಹೇಳಿದಳು. ಕ್ಯಾತ್ಸಂದ್ರದ ಆಚೆಯ ಜಮೀನಿಗೆ ಡೆವಲಪರ್ ಒಬ್ಬರು ಬಂದಿದ್ದಾರಂತೆ, ಅಪಾರ್ಟ್‌ಮೆಂಟ್ ಕಟ್ಟುತ್ತಾರಂತೆ, ನಿಮ್ಮಣ್ಣ ಮಾತುಕತೆ ಮುಗಿಸಿದ್ದಾನಂತೆ. ಶುಕ್ರವಾರಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸ್ಲಾಟ್ ಬುಕ್ ಆಗಿದೆ, ನೀನು ಬೆಂಗಳೂರಿನಿಂದ ಬೆಳಗಿನ ಬಸ್ಸಿಗೆ ಬಂದು ಒಂದು ಸಹಿ ಹಾಕಿ ಸಂಜೆ ಬಸ್ಸಿಗೆ ವಾಪಸು ಹೋಗಬಹುದು ಅಂದಳು. ಸಂತೋಷ. ಕೊನೆಗೆ ಒಂದು ಮಾತು ಸೇರಿಸಿದಳು: "ವಕೀಲರ ಖರ್ಚೂ ನಮ್ಮದಲ್ಲ ಕಣೋ, ಎಲ್ಲಾ ಅವರೇ ನೋಡ್ಕೊಳ್ತಾರೆ." ಈ ಒಂದು ಮಾತಿಗೇ ನಾನು ಈ ಕಾಗದ ಬರೆಯಲು ಕೂತಿದ್ದು.

ಯಾರ ದುಡ್ಡಿಗೆ ಬಂದ ವಕೀಲರೋ ಅವರ ವಕೀಲರು ಅವರು. ಇದರಲ್ಲಿ ಕೆಟ್ಟದ್ದೇನೂ ಇಲ್ಲ. ಡೆವಲಪರ್ ಫೀಸು ಕೊಟ್ಟಿದ್ದಾರೆ, ವಕೀಲ ಡೆವಲಪರ್‌ನ ಹಿತ ಕಾಯುತ್ತಾನೆ. ಕಾಯದಿದ್ದರೆ ಅದೇ ತಪ್ಪು. ನಗುನಗುತ್ತಾ ಮಾತಾಡುತ್ತಾರೆ, ನಿಮ್ಮಮ್ಮನನ್ನು "ಅಮ್ಮಾ" ಅನ್ನುತ್ತಾರೆ, ಕರಡನ್ನು ಓದಿಯೂ ಹೇಳುತ್ತಾರೆ. ಆದರೆ "ಈ ಕಲಮು ನಿಮಗೆ ನಷ್ಟ, ಇದನ್ನು ಒಪ್ಪಬೇಡಿ" ಅಂತ ಅವರ ಬಾಯಿಂದ ಬರುವುದಿಲ್ಲ. ಬರಬೇಕು ಅಂತ ನಾವು ಬಯಸುವುದೂ ನ್ಯಾಯವಲ್ಲ. ಬ್ಯಾಂಕಿನ ಪ್ಯಾನೆಲ್ ವಕೀಲರ ವಿಷಯವೂ ಇಷ್ಟೇ. "ಬ್ಯಾಂಕಿನವರ ಲೀಗಲ್ ಒಪೀನಿಯನ್ ಆಗಿದೆ, ಇನ್ನೇನು ಭಯ?" ಅಂತ ಎಷ್ಟೋ ಜನ ಹೇಳುವುದನ್ನು ಕೇಳಿದ್ದೇನೆ. ಆ ಒಪೀನಿಯನ್ ಬ್ಯಾಂಕಿನ ಸಾಲ ಮುಳುಗದಿರಲಿ ಅಂತ ಬರೆಸಿದ್ದು. ನಿನ್ನ ಪಾಲು ಮುಳುಗುತ್ತದೋ ತೇಲುತ್ತದೋ ಅದರಲ್ಲಿ ಬರೆದಿರುವುದಿಲ್ಲ.

ನಾನು ವಕೀಲನಲ್ಲ, ನಿನಗೆ ಗೊತ್ತು. ಲೈಸೆನ್ಸು ಇಟ್ಟುಕೊಂಡು ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು ಪತ್ರ ಬರೆಯುತ್ತಾ ಕೂದಲು ನರೆತವನು. ಕ್ರಯಪತ್ರ, ದಾನಪತ್ರ, ವಿಭಾಗ ಪತ್ರ, ಹಕ್ಕು ಖುಲಾಸೆ ಪತ್ರ, ಭೋಗ್ಯದ ಪತ್ರ, ಎಲ್ಲದರ ಕೊನೆಗೂ ಒಂದೇ ಸಾಲು ಬರುತ್ತದೆ: ಯಾರ ಒತ್ತಾಯ, ಬಲವಂತ, ಪ್ರೇರೇಪಣೆ ಇಲ್ಲದೆ ಸ್ವಇಚ್ಛೆಯಿಂದ, ಓದಿಸಿ ಕೇಳಿ ಸರಿಯೆಂದು ಒಪ್ಪಿ ಸಹಿ ಮಾಡಿರುತ್ತೇನೆ. ಸಹಿ ಹಾಕುವವರು ಇನ್ನೂ ಬಸ್ಸಿನಲ್ಲಿರುವಾಗಲೇ ಈ ಸಾಲು ಟೈಪಾಗಿ ಮುಗಿದಿರುತ್ತದೆ. ಆಮೇಲೆ ಕೋರ್ಟಿನಲ್ಲಿ "ನನಗೆ ಓದಿ ಹೇಳಲೇ ಇಲ್ಲ ಸ್ವಾಮೀ" ಅಂದರೆ ಎದುರು ವಕೀಲರು ಮೊದಲು ತೋರಿಸುವುದೇ ಈ ಸಾಲನ್ನು, ಅದರ ಕೆಳಗೆ ನಿನ್ನ ಸಹಿಯನ್ನು.

ಕಚೇರಿಯ ಒಳಗೆ ಯಾರಾದರೂ ತಡೆಯುತ್ತಾರೆ ಅಂತಲೂ ಅಂದುಕೊಳ್ಳಬೇಡ. ಹೆಸರು ಕೂಗುತ್ತಾರೆ, ಕ್ಯಾಮೆರಾ ಮುಂದೆ ಕೂರಿಸುತ್ತಾರೆ, ಹೆಬ್ಬೆಟ್ಟು ಒತ್ತಿಸುತ್ತಾರೆ. "ಪತ್ರ ನೀವೇ ಬರೆದುಕೊಟ್ಟಿದ್ದಾ? ಸಹಿ ನಿಮ್ಮದೇನಾ?" ಅಂತ ಕೇಳುತ್ತಾರೆ. ಹೂಂ ಅಂದರೆ ಮುಗಿಯಿತು. 1908ರ ನೋಂದಣಿ ಕಾಯ್ದೆಯ ಪ್ರಕಾರ ಸಬ್‌ರಿಜಿಸ್ಟ್ರಾರ್ ಖಾತ್ರಿ ಮಾಡಿಕೊಳ್ಳಬೇಕಾದ್ದು ಬರೆದುಕೊಟ್ಟವರು ಇವರೇ ಹೌದೋ ಅಲ್ಲವೋ ಅನ್ನುವುದನ್ನು. ವ್ಯವಹಾರ ನಿನಗೆ ಲಾಭವೋ ನಷ್ಟವೋ ನೋಡುವುದು ಅವರ ಕೆಲಸವಲ್ಲ. ಹಿಂದೆ ಇನ್ನೂ ನಲವತ್ತು ಜನ ಟೋಕನ್ ಹಿಡಿದು ನಿಂತಿರುತ್ತಾರೆ. ಆ ಗದ್ದಲದಲ್ಲಿ ಅರವತ್ತು ಪುಟದ ಪತ್ರವನ್ನು ಒಂದೊಂದೇ ಪುಟ ಮಗುಚುತ್ತಾ "ಇಲ್ಲೊಂದು, ಇಲ್ಲೊಂದು" ಅಂತ ಬೆರಳಿಟ್ಟು ತೋರಿಸುತ್ತಾರೆ. ನಿನ್ನ ಕಣ್ಣಿಗೆ ಕಾಣುವುದು ಆ ಬೆರಳು ಮಾತ್ರ.

ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ, ಆ ಒಂದು ಸಹಿ ಯಾವ ಪತ್ರಕ್ಕೆ? ನಿನ್ನ ಪಾಲನ್ನು ಅಣ್ಣನ ಹೆಸರಿಗೆ ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರಕ್ಕೋ? ನೀನೂ ಒಬ್ಬ ಮಾಲೀಕಳಾಗಿ ಸೇರುವ ಜಂಟಿ ಅಭಿವೃದ್ಧಿ ಒಪ್ಪಂದಕ್ಕೋ? ಅದರ ಜೊತೆ ಡೆವಲಪರ್‌ಗೆ ಕೊಡುವ ಜಿಪಿಎಗೋ, ಅಂದರೆ ಸಾಮಾನ್ಯ ಅಧಿಕಾರ ಪತ್ರಕ್ಕೋ? ಮೂರೂ ಒಂದೇ ಫೈಲಿನಲ್ಲಿ ಇರಬಹುದು, ಮೂರರ ಪರಿಣಾಮ ಮಾತ್ರ ಬೇರೆ ಬೇರೆ. ಮೊದಲನೆಯದಕ್ಕೆ ಸಹಿ ಹಾಕಿದ ಮೇಲೆ ನೀನು ಆ ಜಮೀನಿಗೆ ಏನೂ ಅಲ್ಲ. ನಾಳೆ ಅಲ್ಲಿ ಎಷ್ಟು ಫ್ಲಾಟು ಎದ್ದರೂ ನಿನಗೆ ಕೇಳುವ ಹಕ್ಕಿಲ್ಲ. "ಬ್ಯಾಂಕಿನವರಿಗೆ ಟೈಟಲ್ ಒಬ್ಬರ ಹೆಸರಲ್ಲಿದ್ದರೆ ಅನುಕೂಲ, ಅಷ್ಟಕ್ಕೇ ಖುಲಾಸೆ" ಅಂತ ಸಲೀಸಾಗಿ ಹೇಳುತ್ತಾರೆ. ಅನುಕೂಲವೇನೋ ಹೌದು. ಯಾರಿಗೆ ಅನ್ನುವುದನ್ನು ಕೇಳು.

ಅಷ್ಟು ಸುಲಭಕ್ಕೆ ಬಂದ ಹಕ್ಕಲ್ಲ ಅದು. ನಮ್ಮ ರಾಜ್ಯ 1994ರಲ್ಲೇ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಪಾಲು ಅಂತ ಕಾಯ್ದೆ ಮಾಡಿತು. ಆಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದಾಗ ಆ ತಡೆಯೂ ಹೋಯಿತು. 2005ರ ಸೆಪ್ಟೆಂಬರ್ 9ಕ್ಕೆ ತಂದೆ ಬದುಕಿರಬೇಕೋ ಬೇಡವೋ ಅನ್ನುವ ಗೊಂದಲ ಮುಂದೆ ಹದಿನೈದು ವರ್ಷ ನಡೆದು, 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬೇಡ ಅಂದಿತು. ಮಗಳಿಗೂ ಹುಟ್ಟಿನಿಂದಲೇ ಹಕ್ಕು ಅಂದಿತು. ನಿನ್ನ ಪಾಲು ಎಷ್ಟು, ಅಮ್ಮನದೆಷ್ಟು, ಜಮೀನು ಅಜ್ಜನಿಂದ ಬಂದದ್ದೋ ಅಪ್ಪ ಸ್ವಂತಕ್ಕೆ ಕೊಂಡದ್ದೋ, ಹಿಂದೆ ನೋಂದಣಿಯಾದ ವಿಭಾಗ ಪತ್ರ ಏನಾದರೂ ಇದೆಯೋ, ಇವುಗಳ ಮೇಲೆ ಲೆಕ್ಕ ಬದಲಾಗುತ್ತದೆ. ಆ ಲೆಕ್ಕ ಹಾಕಿಕೊಡಲಿಕ್ಕೇ ನಿನಗೊಬ್ಬ ವಕೀಲರು ಬೇಕು. ಬಿಟ್ಟುಕೊಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಅಣ್ಣನಿಗೆ ಬಿಟ್ಟುಕೊಟ್ಟು ನೆಮ್ಮದಿಯಾಗಿರುವ ಹೆಣ್ಣುಮಕ್ಕಳನ್ನೂ ಕಂಡಿದ್ದೇನೆ. ಎಷ್ಟನ್ನು ಬಿಟ್ಟೆ ಅನ್ನುವುದು ಗೊತ್ತಿದ್ದು ಬಿಟ್ಟವರು ಅವರು.

ವಕೀಲರ ಹತ್ತಿರ ಹೋಗಿಬಂದ ಶಾಸ್ತ್ರ ಮುಗಿಸಿದರೂ ಆಗುವುದಿಲ್ಲ, ಪುಟ್ಟೀ. ಹಿಂದೆ ಸಿಂಗಪುರದಲ್ಲಿ ಓದುಬರಹ ಬಾರದ ಒಬ್ಬ ಮಲಯ ಮುದುಕಿ ಇದ್ದಳು. ಅವಳ ವ್ಯವಹಾರವನ್ನೆಲ್ಲ ನೋಡಿಕೊಳ್ಳುತ್ತಿದ್ದವನಿಗೆ, ಸೋದರಳಿಯನಿಗೆ, ಆಸ್ತಿ ದಾನ ಬರೆದುಕೊಟ್ಟಳು. ಬರೆದುಕೊಡುವ ಮುಂಚೆ ವಕೀಲರೊಬ್ಬರು ಅವಳನ್ನು ಕೂರಿಸಿಕೊಂಡು ವಿವರಿಸಿದ್ದರು, ವಕೀಲರು ಪ್ರಾಮಾಣಿಕರೇ. ಆದರೆ ಅವಳು ಕೊಡುತ್ತಿರುವುದು ಹೆಚ್ಚುಕಡಿಮೆ ಅವಳಿಗಿದ್ದ ಆಸ್ತಿಯೆಲ್ಲವನ್ನೂ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ದಾನದ ಬದಲು ಉಯಿಲು ಬರೆದರೂ ಹುಡುಗನಿಗೆ ಸಿಗುತ್ತದೆ, ಬದುಕಿರುವವರೆಗೆ ನಿನ್ನ ಕೈಯಲ್ಲೇ ಇರುತ್ತದೆ ಅಂತಲೂ ಅವರು ಹೇಳಲಿಲ್ಲ. ಪ್ರಕರಣ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ನಮ್ಮ ಬ್ರಿಟಿಷ್ ಇಂಡಿಯಾದ ದಾವೆಗಳಿಗೂ ಆಗ ಅದೇ ಕೊನೆಯ ಕೋರ್ಟು. ಇಂಥ ಸಲಹೆ ಸಲಹೆಯೇ ಅಲ್ಲ ಅಂತ ಆ ದಾನಪತ್ರವನ್ನು ರದ್ದು ಮಾಡಿದರು. 1929ರ ವರದಿಯಲ್ಲಿದೆ, ಕಾನೂನು ಕಾಲೇಜುಗಳಲ್ಲಿ ಈಗಲೂ ಪಾಠ ಮಾಡುತ್ತಾರೆ. ನೀನು ವಕೀಲರ ಮುಂದೆ ಅರ್ಧ ಹೇಳಿ ಅರ್ಧ ಮುಚ್ಚಿಟ್ಟರೆ ನಿನಗೂ ಸಿಗುವುದು ಅರ್ಧ ಸಲಹೆಯೇ. ಮನೆ ಮಾತು ಹೊರಗೆ ಹೇಳುವುದು ಹೇಗೆ ಅಂತ ಸಂಕೋಚ ಬೇಡ. ವೃತ್ತಿಯ ನಂಬಿಕೆಯಲ್ಲಿ ಕಕ್ಷಿದಾರರು ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ವಕೀಲರು ಬಯಲು ಮಾಡುವಂತಿಲ್ಲ, ಕಾನೂನೇ ಇದೆ.

ನನ್ನ ಕಸುಬಿನ ಒಂದು ಗುಟ್ಟು ಹೇಳುತ್ತೇನೆ. ಪತ್ರವನ್ನು ಹಿಂದಿನಿಂದ ಓದು. ಮೊದಲ ಪುಟಗಳಲ್ಲಿ ವಂಶಾವಳಿ, ಪೀಠಿಕೆ, ‘ಆದಕಾರಣ’ಗಳು, ಓದುವಷ್ಟರಲ್ಲಿ ಕಣ್ಣು ಎಳೆಯುತ್ತದೆ. ಜೀವ ಇರುವುದು ಕೊನೆಯ ಷೆಡ್ಯೂಲಿನಲ್ಲಿ. ಯಾವ ಸರ್ವೆ ನಂಬರು, ಎಷ್ಟು ಎಕರೆ ಎಷ್ಟು ಗುಂಟೆ, ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ದಾರಿ. ಪಹಣಿ ಪಕ್ಕದಲ್ಲಿಟ್ಟುಕೊಂಡು ಚೆಕ್ಕುಬಂದಿ ಒಂದೊಂದಾಗಿ ತಾಳೆ ನೋಡು. ಈಗಿನ ವಿಜಯಪುರ ಜಿಲ್ಲೆಯ ತಡವಲಗ, ಲಿಂಗದಳ್ಳಿ ಜಮೀನುಗಳ ಒಂದು ಪ್ರಕರಣ ಇದೆ, ಸುಪ್ರೀಂ ಕೋರ್ಟು 1968ರಲ್ಲಿ ತೀರ್ಪು ಕೊಟ್ಟದ್ದು. ಸ್ವಾತಂತ್ರ್ಯಕ್ಕೂ ಮುಂಚೆ, ಓದು ಬಾರದ ಒಬ್ಬ ಹೆಣ್ಣುಮಗಳಿಂದ ಗಂಡ ದಾನಪತ್ರ ಬರೆಸಿಕೊಂಡ. ಎರಡು ಜಮೀನು ಅಂತ ಅವಳಿಗೆ ಹೇಳಿದ್ದ. ಪತ್ರದಲ್ಲಿ ಇನ್ನೆರಡು ಸೇರಿದ್ದವು. ಅವಳ ಅರಿವಿಗೇ ಬಾರದೆ ಸೇರಿಸಿದ ಆ ಎರಡನ್ನು ಕೋರ್ಟು ಅವಳಿಗೆ ವಾಪಸು ಕೊಡಿಸಿತು. ಗೊತ್ತಿದ್ದೇ ಸಹಿ ಹಾಕಿದ ಮೊದಲಿನೆರಡು ದಾವೆಯ ಕಾಲಮಿತಿ ಮೀರಿದ್ದರಿಂದ ಹೋಗಿಯೇ ಹೋದವು. ಗೆದ್ದಳು ಅನ್ನಬಹುದು. ಅಷ್ಟು ಹೊತ್ತಿಗೆ ಅವಳ ಹರೆಯ, ನಡುವಯಸ್ಸು ಎರಡೂ ಕಳೆದಿದ್ದವು. ಇವತ್ತಿಗೂ ಒಂದು ಪತ್ರವನ್ನು ರದ್ದು ಮಾಡಿಸಬೇಕಾದರೆ ಮೋಸ ತಿಳಿದ ಮೂರು ವರ್ಷದೊಳಗೆ ದಾವೆ ಹೂಡಬೇಕು. "ಅಣ್ಣನ ಮೇಲೆ ಹೇಗೆ ಕೇಸು ಹಾಕೋದು" ಅಂತ ಅಳುಕುತ್ತಾ ಕೂತರೆ ಮೂರು ವರ್ಷ ಹಬ್ಬ ಹರಿದಿನದಲ್ಲೇ ಮುಗಿಯುತ್ತದೆ.

ಜಂಟಿ ಅಭಿವೃದ್ಧಿಯ ಕರಾರಾದರೆ ಎಲ್ಲರೂ ಕಚ್ಚಾಡುವುದು ಶೇಕಡಾವಾರಿನ ಮೇಲೆ: ನಮಗೆ ನಲವತ್ತೋ ನಲವತ್ತೈದೋ. ನಾನು ನೋಡಿದ ಜಗಳಗಳು ಅಲ್ಲಿ ಹುಟ್ಟಿದ್ದಲ್ಲ. ‘ಮೂವತ್ತು ತಿಂಗಳಲ್ಲಿ ಕಟ್ಟಿಕೊಡುತ್ತೇವೆ’ ಅಂತ ಇರುತ್ತದೆ. ಯಾವತ್ತಿನಿಂದ ಮೂವತ್ತು? ಸಹಿ ಹಾಕಿದ ದಿನದಿಂದಲೋ, ಪ್ಲಾನ್ ಮಂಜೂರಾದ ದಿನದಿಂದಲೋ? ಪ್ಲಾನೇ ಮಂಜೂರಾಗದಿದ್ದರೆ ಜಮೀನು ಎಷ್ಟು ವರ್ಷ ಅವರ ಹಿಡಿತದಲ್ಲಿ? ಕೊಡುವ ಅಡ್ವಾನ್ಸು ಮರುಪಾವತಿ ಮಾಡಬೇಕಾದ್ದೋ, ನಮ್ಮದೇ ಆಗಿ ಉಳಿಯುವುದೋ? ನಮ್ಮ ಪಾಲಿನ ಫ್ಲಾಟುಗಳು ಯಾವ ಅಂತಸ್ತಿನವು, ಯಾವ ದಿಕ್ಕಿನವು, ಈಗಲೇ ಗುರುತಾಗಿದೆಯೋ, ಆಮೇಲೆ ‘ಪರಸ್ಪರ ಮಾತಾಡಿಕೊಂಡು’ ಹಂಚಿಕೊಳ್ಳುವುದೋ? ಚದರಡಿ ಅಂದರೆ ಕಾರ್ಪೆಟ್ ಏರಿಯಾವೋ, ಮೆಟ್ಟಿಲು ಲಿಫ್ಟು ಎಲ್ಲ ಸೇರಿಸಿದ ಸೂಪರ್ ಬಿಲ್ಟ್‌ಅಪ್ಪೋ? ಜಿಪಿಎಯಲ್ಲಿ ಅವರ ಪಾಲನ್ನಷ್ಟೇ ಮಾರುವ ಅಧಿಕಾರವೋ, ಇಡೀ ಜಮೀನನ್ನು ಬ್ಯಾಂಕಿಗೆ ಅಡವಿಡುವ ಅಧಿಕಾರವೂ ಇದೆಯೋ?

ಈ ಕೊನೆಯದನ್ನು ಎರಡು ಸಲ ಓದು. ‘ಜಿಪಿಎ ತಾನೆ, ಬೇಡವಾದರೆ ರದ್ದು ಮಾಡಿದರಾಯಿತು’ ಅನ್ನುವುದು ನಮ್ಮ ಕಡೆಯ ದೊಡ್ಡ ಭ್ರಮೆ. ಅಧಿಕಾರ ಪಡೆದವನಿಗೆ ಆ ಆಸ್ತಿಯಲ್ಲೇ ಹಿತಾಸಕ್ತಿ ಇದ್ದರೆ, ಅವನಿಗೆ ಧಕ್ಕೆಯಾಗುವಂತೆ ಅದನ್ನು ಹಿಂತೆಗೆದುಕೊಳ್ಳಲಾಗದು ಅಂತ 1872ರ ಕರಾರು ಕಾಯ್ದೆಯ 202ನೇ ಕಲಮು ಹೇಳುತ್ತದೆ. ಹಣ ಹೂಡಿದ ಡೆವಲಪರ್ ಮೊದಲು ಹಿಡಿದುಕೊಳ್ಳುವುದೇ ಈ ಕಲಮನ್ನು. ತೆರಿಗೆಯದೂ ಒಂದು ಸುಳಿ ಇದೆ. ನೋಂದಣಿಯಾದ ಇಂಥ ಒಪ್ಪಂದದಲ್ಲಿ ಭೂಮಾಲೀಕರಿಗೆ ಬಂಡವಾಳ ಲಾಭದ ತೆರಿಗೆ ಕಟ್ಟಡದ ಕಂಪ್ಲೀಷನ್ ಸರ್ಟಿಫಿಕೇಟ್ ಬಂದ ವರ್ಷ ಬೀಳುವಂತೆ 2017ರಲ್ಲಿ ಅನುಕೂಲ ಮಾಡಿದರು. ಸರ್ಟಿಫಿಕೇಟು ಬರುವ ಮುಂಚೆ ನಿನ್ನ ಪಾಲನ್ನು ಬೇರೆಯವರಿಗೆ ಮಾರಿದರೆ ಆ ಅನುಕೂಲ ತಪ್ಪುತ್ತದೆ. ಇದನ್ನು ಡೆವಲಪರ್ ಕಡೆಯವರು ನಿನಗೆ ಯಾಕೆ ಹೇಳಬೇಕು?

"ಬರೆಯೋದು ಹಾಗೆ ಬರೆದಿರ್ತೀವಿ, ನಿಂಗೊಂದು ಫ್ಲಾಟು ಅಂತ ಮಾತಾಗಿದೆಯಲ್ಲ" ಅಂತ ಮನೆಯವರೇ ಹೇಳಬಹುದು. ಆ ಮಾತನ್ನೂ ಕಾಗದದ ಮೇಲೆ ಬರೆಸು. ಬರವಣಿಗೆಯಲ್ಲಿರುವ ಕರಾರಿನ ಷರತ್ತುಗಳನ್ನು ಬದಲಿಸಲು ಬಾಯಿಮಾತಿನ ಸಾಕ್ಷ್ಯ ನಡೆಯುವುದಿಲ್ಲ; ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಇದ್ದದ್ದು 2024ರ ಜುಲೈನಿಂದ ಜಾರಿಗೆ ಬಂದ ಸಾಕ್ಷ್ಯ ಅಧಿನಿಯಮದಲ್ಲೂ ಇದೆ. ಸಾಲುಗಳ ನಡುವೆ ಖಾಲಿ ಬಿಟ್ಟ ಜಾಗ, ‘ಆಮೇಲೆ ತುಂಬಿಸ್ತೀವಿ’ ಅನ್ನುವ ಇ-ಸ್ಟಾಂಪ್ ಕಾಗದ, ‘ಸೆಕ್ಯೂರಿಟಿಗೆ’ ಅಂತ ಸಹಿ ಮಾಡಿಸಿಕೊಳ್ಳುವ ಖಾಲಿ ಚೆಕ್ಕು, ಇವಕ್ಕೆ ಕೈ ಹಾಕಲೇಬೇಡ. ಸ್ವಇಚ್ಛೆಯಿಂದ ಸಹಿ ಹಾಕಿ ಕೊಟ್ಟ ಖಾಲಿ ಚೆಕ್ಕನ್ನು ಬೇರೆಯವರು ತುಂಬಿದರೂ ಸಾಲ ಇಲ್ಲವೆಂದು ತೋರಿಸುವ ಹೊಣೆ ಸಹಿ ಹಾಕಿದವರ ಮೇಲೇ ಬೀಳುತ್ತದೆ ಅಂತ 2019ರಲ್ಲಿ ಸುಪ್ರೀಂ ಕೋರ್ಟು ಹೇಳಿಯಾಗಿದೆ.

ಅವಸರದ ಕಾರಣಗಳು ನನಗೆ ಬಾಯಿಪಾಠ. ಸೋಮವಾರ ಅಮಾವಾಸ್ಯೆ, ಆಮೇಲೆ ಆಷಾಢ. ಸರ್ವರ್ ಯಾವಾಗ ಕೈಕೊಡುತ್ತೋ ಹೇಳಕ್ಕಾಗಲ್ಲ. ಪಾರ್ಟಿ ವಿದೇಶಕ್ಕೆ ಹೊರಟಿದ್ದಾರೆ. ಮಾರ್ಗಸೂಚಿ ದರ ಏರುತ್ತೆ. ಇವುಗಳಲ್ಲಿ ಕೆಲವು ನಿಜವೂ ಇರಬಹುದು. ಸ್ಲಾಟನ್ನು ಇನ್ನೊಂದು ದಿನಕ್ಕೆ ತೆಗೆದುಕೊಳ್ಳಬಹುದು. ಎಂಟು ದಿನ ಕಾಯಲಾರದ ಡೆವಲಪರ್ ನಮ್ಮ ಮೂವತ್ತು ತಿಂಗಳನ್ನು ಹೇಗೆ ಸಂಭಾಳಿಸುತ್ತಾನೆ ಅಂತ ನಿಮ್ಮಣ್ಣನನ್ನೇ ಕೇಳು, ನಗುತ್ತಾನೆ.

ನಿಮ್ಮಣ್ಣ ಕೆಟ್ಟವನಲ್ಲ. ಅಪ್ಪ ಹೋದ ಮೇಲೆ ಮನೆ ನಡೆಸಿದವನು, ನಿನ್ನ ಇಂಜಿನಿಯರಿಂಗ್ ಫೀಸು ಕಟ್ಟಿದವನು. ಅದಕ್ಕೇ ನಿನಗೆ ಬಾಯಿ ಬರುತ್ತಿಲ್ಲ, ಗೊತ್ತು. ವಕೀಲರು ಅಂದ ಕೂಡಲೇ ಕೋರ್ಟು, ಕೋರ್ಟು ಅಂದ ಕೂಡಲೇ ದಾಯಾದಿ ಜಗಳ ಅಂತ ನಮ್ಮವರ ತಲೆ ಓಡುತ್ತದೆ. ನೀನು ಹೀಗೆ ಹೇಳು: "ಅಣ್ಣಾ, ಸಹಿ ಹಾಕಲ್ಲ ಅಂತಿಲ್ಲ. ಡ್ರಾಫ್ಟ್ ಕೊಡು, ನನ್ನ ವಕೀಲರ ಕೈಲಿ ಓದಿಸಿ ಎಂಟು ದಿನದಲ್ಲಿ ಹೇಳ್ತೀನಿ. ನೀನೂ ನಿನ್ನ ಕಡೆಯಿಂದ ಒಬ್ಬರಿಗೆ ತೋರಿಸು." ಇದು ಅವನಿಗೂ ಒಳ್ಳೆಯದು. ದೊಡ್ಡವರ, ನಂಬಿದವರ ಒತ್ತಡಕ್ಕೆ ಒಳಗಾಗಿ ಆದ ಕರಾರನ್ನು ರದ್ದು ಮಾಡಿಸಬಹುದು ಅಂತ ಕರಾರು ಕಾಯ್ದೆಯಲ್ಲೇ ಇದೆ. ಅಂಥ ದಾವೆ ಬಂದಾಗ ಕೋರ್ಟು ಸಾಮಾನ್ಯವಾಗಿ ತೂಗಿ ನೋಡುವ ಒಂದು ಸಂಗತಿ, ಸಹಿ ಹಾಕಿದವರಿಗೆ ಸ್ವತಂತ್ರ ಸಲಹೆ ಸಿಕ್ಕಿತ್ತೇ ಅನ್ನುವುದು. ನೀನು ನಿನ್ನ ವಕೀಲರಿಗೆ ತೋರಿಸಿ, ತಿಳಿದು ಹಾಕಿದ ಸಹಿಯನ್ನು ಹತ್ತು ವರ್ಷದ ಮೇಲೆ ನಿನ್ನ ಮಕ್ಕಳು ಬಂದರೂ ಅಲ್ಲಾಡಿಸುವುದು ಕಷ್ಟ. ನಾಳೆ ಆ ಫ್ಲಾಟುಗಳನ್ನು ಮಾರುವಾಗ ಕೊಳ್ಳುವವರ ವಕೀಲರೂ ಇದನ್ನೇ ಹುಡುಕುತ್ತಾರೆ, ‘ಅಕ್ಕತಂಗಿಯರ ಸಹಿ ಸರಿಯಾಗಿದೆಯಾ’ ಅಂತ.

ವಕೀಲರನ್ನು ಹುಡುಕುವಾಗ ಡೆವಲಪರ್ ಪರಿಚಯಿಸಿದವರು ಬೇಡ, ಅಣ್ಣನ ಸ್ನೇಹಿತರೂ ಬೇಡ. ಅಣ್ಣನಿಗೂ ನಿನಗೂ ಒಬ್ಬರೇ ಅನ್ನುವುದೂ ಬೇಡ, ಈ ವಿಷಯದಲ್ಲಿ ನಿಮ್ಮಿಬ್ಬರ ಹಿತ ಒಂದೇ ಅಲ್ಲ. ಸಿವಿಲ್ ಕಡೆ, ಅದರಲ್ಲೂ ಟೈಟಲ್ ನೋಡುವ ಕೆಲಸ ಮಾಡುವವರಾಗಿರಲಿ. ಹೋದ ಕೂಡಲೇ "ಈ ಡೆವಲಪರ್‌ಗೆ ನೀವು ಎಂದಾದರೂ ಕೆಲಸ ಮಾಡಿದ್ದೀರಾ ಸಾರ್?" ಅಂತ ಕೇಳು, ಬೇಸರ ಪಡುವುದಿಲ್ಲ, ಕಕ್ಷಿದಾರರಿಗೆ ಅಂಥ ಸಂಬಂಧ ತಿಳಿಸಬೇಕು ಅಂತ ಬಾರ್ ಕೌನ್ಸಿಲ್ ನಿಯಮವೇ ಇದೆ. ಒಬ್ಬಳೇ ಹೋಗು. ಅಣ್ಣನನ್ನಾಗಲಿ ಅತ್ತಿಗೆಯನ್ನಾಗಲಿ ಪಕ್ಕದಲ್ಲಿ ಕೂರಿಸಿಕೊಳ್ಳಬೇಡ. ಪಹಣಿ, ಮ್ಯುಟೇಷನ್, ವಂಶವೃಕ್ಷ, ಅಪ್ಪನ ಮರಣ ಪತ್ರ, ಹಳೆಯ ಕ್ರಯಪತ್ರಗಳು, ಋಣಭಾರ ಪತ್ರ ಅಂದರೆ ಇಸಿ, ಎಲ್ಲ ತೆಗೆದುಕೊಂಡು ಹೋಗು. ಈಚಿನ ವರ್ಷಗಳ ಇಸಿ ಕಾವೇರಿ ಆನ್‌ಲೈನಿನಲ್ಲೇ ಸಿಗುತ್ತದೆ. ಕಂಪ್ಯೂಟರ್ ಬರುವುದಕ್ಕೆ ಮುಂಚಿನದಕ್ಕೆ ಕಚೇರಿಗೆ ಅರ್ಜಿ ಹಾಕಬೇಕು. ಜಮೀನು ಮೂಲದಲ್ಲಿ ಮಂಜೂರಾತಿ ಜಮೀನೇ ಅಂತ ಅವರೇ ಕೇಳುತ್ತಾರೆ. ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆಯ ದೊಡ್ಡ ತಡೆ ಇದೆ. ಅಭಿಪ್ರಾಯವನ್ನು ಬರವಣಿಗೆಯಲ್ಲಿ ಕೊಡಿ ಅಂತ ಕೇಳು. ಫೀಸು ನಿನ್ನ ಅಕೌಂಟಿನಿಂದಲೇ ಹೋಗಲಿ.

ಫೀಸಿನ ಚಿಂತೆ ಇರುವವರಿಗೂ ದಾರಿ ಇದೆ, ನಿನ್ನ ಗೆಳತಿಯರಿಗೆ ಹೇಳು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಇದೆ. ಪರಿಶಿಷ್ಟ ಜಾತಿ, ಪಂಗಡದವರಿಗೂ ಇದೆ. ಕೇಸು ನಡೆಸಿಕೊಡುವುದಷ್ಟೇ ಅಲ್ಲ, ಕಾನೂನಿನ ಸಲಹೆ ಕೊಡುವುದೂ ಆ ನೆರವಿನಲ್ಲೇ ಸೇರಿದೆ. ಜಿಲ್ಲಾ ಕೋರ್ಟಿನಲ್ಲಿ ಅವರ ಕಚೇರಿ ಇರುತ್ತದೆ, ತಾಲ್ಲೂಕಿನಲ್ಲಿ ಸಮಿತಿ ಇರುತ್ತದೆ, 15100ಕ್ಕೆ ಫೋನು ಮಾಡಿದರೂ ಆಗುತ್ತದೆ. ಕೇಸು ಆದಮೇಲೆ ಅಲ್ಲಿಗೆ ಓಡುವವರೇ ಜಾಸ್ತಿ, ಸಹಿಗೆ ಮುಂಚೆ ಹೋಗುವವರು ಅಪರೂಪ.

ನಿಮ್ಮಮ್ಮನ ಸಹಿಯೂ ಬೇಕಲ್ಲ, ಅದನ್ನು ಮರೆಯಬೇಡ. ಅವಳಿಗೂ ಪಾಲಿದೆ. "ಮಕ್ಕಳು ಹೇಳಿದ ಕಡೆ ಹಾಕ್ತೀನಿ" ಅನ್ನುತ್ತಾಳೆ, ನನ್ನ ತಂಗಿ, ನನಗೆ ಗೊತ್ತಿಲ್ಲವೇ. ಇರುವ ಮನೆ ಯಾರ ಹೆಸರಿಗೆ, ಕೊನೆಯವರೆಗೆ ಅಲ್ಲಿರುವ ಹಕ್ಕು ಅವಳಿಗೆ ಉಂಟೋ ಅನ್ನುವುದು ಪತ್ರದಲ್ಲಿ ಬರಲಿ. ಅವಳೂ ನಿನ್ನ ವಕೀಲರ ಹತ್ತಿರ ಅಲ್ಲ, ಬೇರೊಬ್ಬರ ಹತ್ತಿರ ಹತ್ತು ನಿಮಿಷ ಒಬ್ಬಳೇ ಕೂತು ಮಾತಾಡಲಿ.

ಡ್ರಾಫ್ಟು ವಾಟ್ಸಾಪಿನಲ್ಲಿ ಬಂದರೆ ನನಗೂ ಕಳಿಸು. ಚೆಕ್ಕುಬಂದಿ ತಾಳೆ ನೋಡಿಕೊಡುತ್ತೇನೆ, ಸರ್ವೆ ನಂಬರು ತಪ್ಪಿದ್ದರೆ ಗುರುತು ಹಾಕಿ ಕಳಿಸುತ್ತೇನೆ. ಅಷ್ಟು ಕಣ್ಣು ಇನ್ನೂ ಇದೆ. ಆದರೆ ‘ಮಾವ ನೋಡಿದ್ದಾರೆ’ ಅಂತ ವಕೀಲರ ಹತ್ತಿರ ಹೋಗುವುದನ್ನು ಬಿಡಬೇಡ. ನಾನು ನಿನಗೂ ಸೋದರಮಾವ, ನಿಮ್ಮಣ್ಣನಿಗೂ ಸೋದರಮಾವ. ನಾಳೆ ಅವನು ಬಂದು "ಮಾವ, ನೀವು ಒಂದು ಮಾತು ಹೇಳಿದ್ರೆ ಅವಳು ಕೇಳ್ತಾಳೆ" ಅಂದರೆ ನಾನು ಏನು ಹೇಳುತ್ತೇನೋ ನನಗೇ ಭರವಸೆ ಇಲ್ಲ.